ಗಾಳಿಗೆ ಹಾಕಿದ ಬೇಲಿ

ಮೈಸೂರಿನ ಮಂಡಿ ಮೊಹಲ್ಲಾದಿಂದ ಯಾದವಗಿರಿಗೆ ದೂರ ಹೆಚ್ಚೇನಿಲ್ಲ. ಅಶೋಕ ರಸ್ತೆಯ ಗದ್ದಲ ಬಿಟ್ಟು ಪಶ್ಚಿಮಕ್ಕೆ ಹೊರಟು ರೈಲು ಹಳಿ ದಾಟಿದರೆ ಆಯಿತು. ಮೊಹಲ್ಲಾ ಎಂದರೆ ಸಗಟು ಅಂಗಡಿಗಳು, ಇಕ್ಕಟ್ಟಿನ ಓಣಿಗಳು, ಕನ್ನಡವನ್ನೂ ದಖನಿಯನ್ನೂ ಒಂದೇ ಉಸಿರಿನಲ್ಲಿ ಆಡುವ ಜನ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೆ ಕಟ್ಟಿಸಿಕೊಂಡಿದ್ದರು, ಅಲ್ಲಿ ಆಕಾಶವಾಣಿ ಇದೆ, ಮರಗಳಿವೆ. 1961ರಲ್ಲಿ ಅದೇ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟಾರ್‌ಸೈಕಲ್‌ಗಳು ಹೊರಬರತೊಡಗಿದ ಮೇಲೆ ಊರಿನ ಈ ಎರಡು ಭಾಗಗಳ ನಡುವೆ ಹೊಸದೊಂದು ನಂಟು ಬೆಳೆಯಿತು. ಕಾರ್ಖಾನೆ ಎಂಜಿನ್ ಕಟ್ಟಿ ಕಳಿಸುತ್ತಿತ್ತು. ಮಂಡಿ ಮೊಹಲ್ಲಾದಂಥ ಹಳೆಯ ಪೇಟೆಗಳ ಗ್ಯಾರೇಜುಗಳು ಅದನ್ನು ಬಿಚ್ಚಿ, ಒಳಗೇನಿದೆ ಎಂದು ನೋಡಿ, ಮತ್ತೆ ಕಟ್ಟುತ್ತಿದ್ದವು. ಹಾಗೆ ಕಟ್ಟಿದ ಗಾಡಿ ಹಲವು ಸಲ ಕಾರ್ಖಾನೆಯಿಂದ ಬಂದದ್ದಕ್ಕಿಂತ ಜೋರಾಗಿ ಓಡುತ್ತಿತ್ತು.

ಆ ಜೋರು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ದಾರಿ ಮೈಸೂರನ್ನು ಬಿಟ್ಟು ಜರ್ಮನಿಗೆ, ಜೆಕೊಸ್ಲೊವಾಕಿಯಾಕ್ಕೆ, ಜಪಾನಿಗೆ ಹೋಗುತ್ತದೆ. ಸೂಪರ್‌ಚಾರ್ಜರ್ ಎಂಬ ಯಂತ್ರವನ್ನು ರೇಸಿನಿಂದ ಹೊರಗಟ್ಟಿದ ಒಂದು ನಿಯಮದ ಬಳಿ ಹೋಗಿ ನಿಲ್ಲುತ್ತದೆ. ಮೈಸೂರಿನಲ್ಲಿ ತಯಾರಾದ ಜಾವಾ ಗಾಡಿಗೆ ಎಂದೂ ಸೂಪರ್‌ಚಾರ್ಜರ್ ಇರಲಿಲ್ಲ. ಆದರೂ ಮೈಸೂರಿನ ಟೂ ಸ್ಟ್ರೋಕ್ ಕಥೆಯನ್ನು ಸೂಪರ್‌ಚಾರ್ಜರ್ ಬಿಟ್ಟು ಹೇಳಲು ಬರುವುದಿಲ್ಲ ಎಂಬುದು ನನ್ನ ನಂಬಿಕೆ.

ಎಂಜಿನ್ನಿನ ಶಕ್ತಿ ಪೆಟ್ರೋಲಿನಿಂದ ಬರುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಅದು ಕಷ್ಟದ ಕೆಲಸವಲ್ಲ. ಅದನ್ನು ಸುಡಲು ಬೇಕಾದ ಗಾಳಿಯನ್ನು ಸಿಲಿಂಡರಿನೊಳಗೆ ತುಂಬುವುದೇ ಕಷ್ಟ. ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿ ತನ್ನ ಸಹಜ ಒತ್ತಡದಿಂದ ಎಷ್ಟು ನುಗ್ಗುತ್ತದೋ ಅಷ್ಟೇ ಸಾಮಾನ್ಯ ಎಂಜಿನ್ನಿಗೆ ಸಿಗುವ ಪಾಲು. ಸೂಪರ್‌ಚಾರ್ಜರ್ ಎಂದರೆ ಎಂಜಿನ್ನೇ ತಿರುಗಿಸುವ ಗಾಳಿ ಪಂಪು. ಹೊರಗಿನ ಒತ್ತಡದ ಮೇಲೆ ಇನ್ನೂ 0.4 ಬಾರ್‌ನಷ್ಟು ಒತ್ತಿ ತುಂಬಿದರೆ ಲೆಕ್ಕದ ಮಟ್ಟಿಗೆ ಶೇ. 40ರಷ್ಟು ಹೆಚ್ಚು ಗಾಳಿ ಒಳಹೋಗುತ್ತದೆ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದಲೂ, ಪಂಪು ತಿರುಗಲು ಎಂಜಿನ್ನಿನದೇ ಶಕ್ತಿ ಖರ್ಚಾಗುವುದರಿಂದಲೂ ಕೈಗೆ ಸಿಗುವ ಲಾಭ ಅದಕ್ಕಿಂತ ಕಡಿಮೆ. ಹಾಗಿದ್ದರೂ ಅದೇ ಸಿಸಿಯ ಎಂಜಿನ್ನಿಗೆ ಅಷ್ಟು ಲಾಭ ಬೇರೆ ಯಾವ ಸುಲಭದ ದಾರಿಯಿಂದಲೂ ಸಿಗುವುದಿಲ್ಲ.

1930ರ ದಶಕದ ಯುರೋಪಿನಲ್ಲಿ ಇದನ್ನು ಮೊದಲು ಮನಗಂಡವರು ಜರ್ಮನ್ನರು ಮತ್ತು ಇಟಲಿಯವರು. ಸ್ಯಾಕ್ಸನಿ ಪ್ರಾಂತದ ಚೋಪೌ ಎಂಬ ಸಣ್ಣ ಊರಿನ ಡಿಕೆಡಬ್ಲ್ಯು ಕಂಪನಿ ತನ್ನ 250 ಸಿಸಿ ಟೂ ಸ್ಟ್ರೋಕ್ ರೇಸ್ ಗಾಡಿಗೆ ಗಾಳಿ ಒತ್ತಲೆಂದೇ ಬೇರೊಂದು ಪಿಸ್ಟನ್ ಪಂಪು ಕೂರಿಸಿತು. ಟೂ ಸ್ಟ್ರೋಕ್‌ನಲ್ಲಿ ಇದು ಸಲೀಸಲ್ಲ. ಗಾಳಿ ಒಳಬರುವ ಹೊತ್ತಿಗೆ ಹೊಗೆ ಹೋಗುವ ಬಾಯಿಯೂ ತೆರೆದೇ ಇರುತ್ತದೆ. ಎಷ್ಟು ಒತ್ತಿದರೂ ಆ ಬಾಯಿಂದ ಸೋರಿಹೋಗುತ್ತದೆ. ಅದಕ್ಕೇ ಡಿಕೆಡಬ್ಲ್ಯು ಎರಡು ಪಿಸ್ಟನ್‌ಗಳು ಒಂದೇ ದಹನ ಕೋಣೆಯನ್ನು ಹಂಚಿಕೊಳ್ಳುವ ಎಂಜಿನ್ ಮಾಡಿತು. ಹೊಗೆಯ ಬಾಯಿ ಮೊದಲು ಮುಚ್ಚಿ, ಗಾಳಿಯ ಬಾಯಿ ಆಮೇಲೆ ಮುಚ್ಚುವ ಹಾಗೆ ಹೊಂದಿಸಿತು. 1938ರಲ್ಲಿ ಎವಾಲ್ಡ್ ಕ್ಲುಗೆ ಈ ಗಾಡಿಯಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಲೈಟ್‌ವೇಟ್ ಟಿಟಿ ರೇಸ್ ಗೆದ್ದರು. ಮರುವರ್ಷ ಗಿಯೋರ್ಗ್ ಮೈಯರ್ ಸೂಪರ್‌ಚಾರ್ಜ್ ಮಾಡಿದ 500 ಸಿಸಿಯ ಬಿಎಂಡಬ್ಲ್ಯುನಲ್ಲಿ ಸೀನಿಯರ್ ಟಿಟಿ ಗೆದ್ದರು. ಬ್ರಿಟಿಷರು ತಮ್ಮ ಮನೆಯಂಗಳವೆಂದು ತಿಳಿದಿದ್ದ ರೇಸುಗಳಿವು.

ಆಮೇಲೆ ಯುದ್ಧ ಬಂತು. ಯುದ್ಧ ಮುಗಿದು 1946ರಲ್ಲಿ ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ರೇಸುಗಳಿಂದ ಸೂಪರ್‌ಚಾರ್ಜರನ್ನೇ ನಿಷೇಧಿಸಿತು. ಆಗ ಸಿಗುತ್ತಿದ್ದ ಪೆಟ್ರೋಲಿನ ಗುಣ ಕಳಪೆ, ಯುರೋಪಿನ ಕೈಯಲ್ಲಿ ದುಡ್ಡಿಲ್ಲ, ಜರ್ಮನರಿಗೆ ಅಂತಾರಾಷ್ಟ್ರೀಯ ರೇಸಿಗೆ ಪ್ರವೇಶವೇ ಇರಲಿಲ್ಲ. ಸರಳ ಎಂಜಿನ್ ಮಾಡುತ್ತಿದ್ದ ಬ್ರಿಟಿಷ್ ಕಂಪನಿಗಳಿಗೆ ಈ ನಿಷೇಧ ಅನುಕೂಲವಾಯಿತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ನಿಯಮ ಜಾಣತನದಿಂದ ಬದಿಗಿಟ್ಟಿತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸೇ ಒಂದು ಪಂಪು. ಗಾಳಿ ಮೊದಲು ಅಲ್ಲಿಗೆ ಬಂದು, ಒತ್ತಿಸಿಕೊಂಡು, ಮೇಲಕ್ಕೆ ಹೋಗುತ್ತದೆ. ಅದೂ ನಿಷಿದ್ಧ ಎಂದರೆ ಟೂ ಸ್ಟ್ರೋಕ್ ಜಾತಿಯೇ ಇಲ್ಲವಾಗುತ್ತಿತ್ತು. ಎಂಜಿನ್ನಿಗೆ ಹುಟ್ಟಿನಿಂದ ಬಂದ ಪಂಪು ಇರಬಹುದು, ಹೊರಗಿನಿಂದ ತಂದು ಕೂರಿಸಿದ್ದು ಕೂಡದು ಎಂದಾಯಿತು.

ಅದೇ 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿ ತನ್ನ ಹೊಸ 250 ಸಿಸಿ ಗಾಡಿಯನ್ನು ತಂದು ನಿಲ್ಲಿಸಿತು. ಜರ್ಮನ್ ಆಕ್ರಮಣದ ದಿನಗಳಲ್ಲಿ ಕದ್ದುಮುಚ್ಚಿ ರೂಪಿಸಿದ ಗಾಡಿ ಅದು. ಜಾವಾದ ಟೂ ಸ್ಟ್ರೋಕ್ ವಿದ್ಯೆಯ ಬೇರು ಇದ್ದದ್ದು, ಯುದ್ಧಕ್ಕೆ ಮುಂಚೆ ಅದು ಪರವಾನಗಿ ಪಡೆದಿದ್ದ ಚೋಪೌನ ಡಿಕೆಡಬ್ಲ್ಯು ಎಂಜಿನ್ನಿನಲ್ಲೇ. ಆ ಗಾಡಿಯ ಮುಂದಿನ ತಲೆಮಾರು, 353 ಎಂಬ ಮಾದರಿ, ಹದಿನೈದು ವರ್ಷಗಳ ತರುವಾಯ ಮೈಸೂರಿಗೆ ಬಂತು.

ಮುಂಬೈಯಲ್ಲಿ ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದ ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರು ಆಮದಿನ ಬಾಗಿಲು ಮುಚ್ಚತೊಡಗಿದಾಗ ಇಲ್ಲೇ ತಯಾರಿಸಲು ಹೊರಟರು. ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಒತ್ತಾಸೆಯೂ ಸೇರಿ ಕಾರ್ಖಾನೆ ಯಾದವಗಿರಿಗೆ ಬಂತು. ಅಲ್ಲಿ ತಯಾರಾದ ಗಾಡಿಯ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಓಟ, 75 ಮಿ.ಮೀ.; ಶಕ್ತಿ 12 ಅಶ್ವಶಕ್ತಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಗೇರು ಹಾಕುವ ಕಡ್ಡಿಯನ್ನೇ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಕ್ಲಚ್ ಹಿಡಿಯದೆಯೂ ಗೇರು ಬದಲಿಸಬಹುದಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಮೈಸೂರಿನವರಿಗೆ ಈ ಯಾವುದನ್ನೂ ವಿವರಿಸಬೇಕಾಗಿಲ್ಲ. ಆ ಸದ್ದನ್ನು ಕೇಳಿ ಬೆಳೆದ ಮನೆಗಳು ಈ ಊರಿನಲ್ಲಿ ಲೆಕ್ಕವಿಲ್ಲದಷ್ಟಿವೆ.

12 ಅಶ್ವಶಕ್ತಿ ಎಂದರೆ ಲೀಟರಿಗೆ ಲೆಕ್ಕ ಹಾಕಿದರೆ 48. ಅದೇ 1961ರಲ್ಲಿ ಚೋಪೌ ಊರಿನಲ್ಲಿ 125 ಸಿಸಿಯ ಒಂದು ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು, ಲೀಟರಿಗೆ 200. ಸೂಪರ್‌ಚಾರ್ಜರ್ ಇಲ್ಲದೆ ಆ ಗಡಿ ಮುಟ್ಟಿದ ಮೊದಲ ಎಂಜಿನ್ ಅದು. ಯುದ್ಧಾನಂತರ ಪೂರ್ವ ಜರ್ಮನಿಗೆ ಸೇರಿದ ಹಳೆಯ ಡಿಕೆಡಬ್ಲ್ಯು ಕಾರ್ಖಾನೆ ಆಗ ಎಂಜೆಡ್ ಎಂಬ ಹೆಸರಿನಲ್ಲಿ ನಡೆಯುತ್ತಿತ್ತು. ಅದರ ರೇಸ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ವಾಲ್ಟರ್ ಕಾಡೆನ್. ಯುದ್ಧಕಾಲದಲ್ಲಿ ಪೀನೆಮ್ಯುಂಡೆಯ ಅಸ್ತ್ರ ಸಂಶೋಧನೆಯಲ್ಲಿ ದುಡಿದಿದ್ದ ಎಂಜಿನಿಯರ್. ಕೈಯಲ್ಲಿ ಹಣವಿಲ್ಲ, ಒಳ್ಳೆಯ ಲೋಹವಿಲ್ಲ, ಪಂಪು ಕೂರಿಸಲು ನಿಯಮ ಬಿಡುವುದಿಲ್ಲ. ಹಾಗಾಗಿ ಅವರು ಹೊಗೆ ಹೋಗುವ ಕೊಳವೆಯತ್ತ ನೋಡಿದರು.

ಹೊಗೆಯ ಬಾಯಿ ತೆರೆದ ಕ್ಷಣ ಒತ್ತಡದ ಒಂದು ಅಲೆ ಕೊಳವೆಯಲ್ಲಿ ಶಬ್ದದ ವೇಗದಲ್ಲಿ ಹೊರಟುಬಿಡುತ್ತದೆ. ಕೊಳವೆ ಅಗಲವಾಗುತ್ತ ಹೋದರೆ ಅಲ್ಲಿಂದ ಎಳೆಯುವ ಅಲೆಯೊಂದು ಹಿಂದಕ್ಕೆ ಬರುತ್ತದೆ. ಅದು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರಿ ತೆಗೆದು, ಹೊಸ ಗಾಳಿ ಪೆಟ್ರೋಲಿನ ಮಿಶ್ರಣವನ್ನೂ ಸ್ವಲ್ಪ ಕೊಳವೆಯೊಳಕ್ಕೇ ಎಳೆದುಕೊಳ್ಳುತ್ತದೆ. ಮುಂದೆ ಕೊಳವೆ ಮತ್ತೆ ಕಿರಿದಾಗಬೇಕು. ಕೆರೆಯ ಅಲೆ ಏರಿಗೆ ಬಡಿದು ಹಿಂದಿರುಗುವ ಹಾಗೆ, ಆ ಕಿರಿದಾದ ಗೋಡೆಗೆ ಬಡಿದ ಒತ್ತಡದ ಅಲೆ ಹಿಂತಿರುಗಿ ಬಂದು, ತಪ್ಪಿಸಿಕೊಂಡು ಹೋಗುತ್ತಿದ್ದ ಮಿಶ್ರಣವನ್ನು ಪುನಃ ಸಿಲಿಂಡರಿನೊಳಕ್ಕೆ ದಬ್ಬುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಪಿಸ್ಟನ್ ಬಾಯಿ ಮುಚ್ಚಬೇಕು. ಹಾಗೆ ಕೂಡಿಬಂದರೆ ಸಿಲಿಂಡರು ತನ್ನ ಅಳತೆಗಿಂತ ಹೆಚ್ಚು ತುಂಬಿಕೊಳ್ಳುತ್ತದೆ. ಸೂಪರ್‌ಚಾರ್ಜರ್ ಮಾಡುವ ಕೆಲಸವೇ ಇದು. ತಿರುಗುವ ಒಂದು ಭಾಗವೂ ಇಲ್ಲ, ಬರೀ ತಗಡು. ಎಕ್ಸ್‌ಪ್ಯಾನ್ಷನ್ ಚೇಂಬರ್ ಎಂದು ಹೆಸರಾದ ಈ ಕೊಳವೆಯ ಕಲ್ಪನೆಯನ್ನು ಕಾಡೆನ್ ಒಬ್ಬರೇ ಹುಟ್ಟಿಸಿದ್ದಲ್ಲ. ಡಿಕೆಡಬ್ಲ್ಯುನಲ್ಲೇ ಅದಕ್ಕೂ ಮುಂಚೆ ಪ್ರಯೋಗಗಳು ನಡೆದಿದ್ದವು. ಅದನ್ನು ವರ್ಷಗಟ್ಟಲೆ ಅಳೆದು, ಕೊಯ್ದು, ಬೆಸೆದು, ಪಳಗಿಸಿದ ಹಿರಿಮೆ ಮಾತ್ರ ಅವರದು.

ಇದಕ್ಕೆ ಬೆಲೆಯೂ ಇದೆ. ಅಲೆ ಹೊತ್ತಿಗೆ ಸರಿಯಾಗಿ ಮರಳುವುದು ಎಂಜಿನ್ನಿನ ಒಂದು ನಿರ್ದಿಷ್ಟ ವೇಗದ ಆಸುಪಾಸಿನಲ್ಲಿ ಮಾತ್ರ. ಅದಕ್ಕಿಂತ ಕೆಳಗೆ ಗಾಡಿ ಸತ್ತಂತಿರುತ್ತದೆ, ಆ ವೇಗ ಮುಟ್ಟಿದ ಕೂಡಲೇ ಚಿಮ್ಮುತ್ತದೆ.

1961ರ ಸೆಪ್ಟೆಂಬರಿನಲ್ಲಿ, ಬರ್ಲಿನ್ ಗೋಡೆ ಎದ್ದ ಮರುತಿಂಗಳು, ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ನಡೆದ ರೇಸಿನ ಹೊತ್ತಿಗೆ ಎಂಜೆಡ್‌ನ ಸವಾರ ಅರ್ನ್‌ಸ್ಟ್ ಡೆಗ್ನರ್ ಪೂರ್ವ ಜರ್ಮನಿಯನ್ನೇ ತೊರೆದು ಓಡಿದರು. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ಕಾಡೆನ್ ಅವರ ವಿದ್ಯೆ ಡೆಗ್ನರ್ ಜತೆ ಜಪಾನಿನ ಸುಜುಕಿಗೆ ಹೋಯಿತು. 1962ರಲ್ಲಿ ಡೆಗ್ನರ್ ಸುಜುಕಿಗೆ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟರು. ಟೂ ಸ್ಟ್ರೋಕ್ ಗಾಡಿಯೊಂದು ಗೆದ್ದ ಮೊದಲ ವಿಶ್ವ ಪ್ರಶಸ್ತಿ ಅದು. ಕಾಡೆನ್ ಚೋಪೌನಲ್ಲೇ ಉಳಿದರು. ಅವರಿಗೆ ಆದ ಅನ್ಯಾಯ ನನ್ನನ್ನು ಈಗಲೂ ಕಲಕುತ್ತದೆ.

ಹೀಗೆ ಯುರೋಪು, ಜಪಾನು ಟೂ ಸ್ಟ್ರೋಕ್‌ನಿಂದ ಶಕ್ತಿ ಹಿಂಡುತ್ತಿದ್ದ ವರ್ಷಗಳಲ್ಲೇ ಮೈಸೂರಿನಲ್ಲಿ ಅದೇ ವಂಶದ ಎಂಜಿನ್ ಸೌಮ್ಯ ರೂಪದಲ್ಲಿ ಹಾಲಿನ ಕ್ಯಾನು ಹೊರುತ್ತಿತ್ತು, ಮೇಷ್ಟ್ರನ್ನು ಶಾಲೆಗೆ ಮುಟ್ಟಿಸುತ್ತಿತ್ತು. 1973ರಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಬೋರು ಅದೇ 65, ಸ್ಟ್ರೋಕು ಅದೇ 75, ಆದರೆ ಶಕ್ತಿ 16 ಅಶ್ವಶಕ್ತಿ. ಮೂರನೇ ಒಂದು ಪಾಲು ಹೆಚ್ಚಳ. ಸೂಪರ್‌ಚಾರ್ಜರಿನಿಂದ ಇಷ್ಟು ಪಡೆಯಬೇಕಾದರೆ 0.4 ಬಾರ್‌ನಷ್ಟಾದರೂ ಒತ್ತಬೇಕಾಗುತ್ತಿತ್ತು. ಗಾಳಿ ಬಂದು ಹೋಗುವ ದಾರಿಗಳನ್ನು ತಿದ್ದಿಯೇ ಕಾರ್ಖಾನೆ ಅದನ್ನು ಸಾಧಿಸಿತು. ಕಾರ್ಖಾನೆ ಬಿಟ್ಟ ಜಾಗದಿಂದ ಮುಂದಕ್ಕೆ ಹೋದವರು ಗ್ಯಾರೇಜಿನವರು. ಸಿಲಿಂಡರಿನ ಬಾಯಿಗಳನ್ನು, ಅಂದರೆ ಪೋರ್ಟುಗಳನ್ನು, ಅರದಿಂದ ಉಜ್ಜಿ ಎತ್ತರಿಸುವುದು, ಲೇತಿನಲ್ಲಿ ಹೆಡ್ ಕೆತ್ತಿಸಿ ಕಂಪ್ರೆಷನ್ ಏರಿಸುವುದು, ಸೈಲೆನ್ಸರ್ ಕೊಯ್ದು ಉದ್ದ ಬದಲಿಸುವುದು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ರಂಧ್ರವಾದ ಜೆಟ್ ಹಿಗ್ಗಿಸುವುದು. ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಕೆಡಿಸಿ, ಜಾಮ್ ಮಾಡಿಸಿ, ಮತ್ತೆ ಬೋರ್ ಹೊಡೆಸಿ ಕಲಿತದ್ದು.

ಇಂಥ ಗಾಡಿಗಳ ಪರೀಕ್ಷೆ ನಡೆಯುತ್ತಿದ್ದದ್ದು ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸ್ ನಡೆಸಿತು. 1990ರಲ್ಲಿ ಮದ್ರಾಸಿನ ಬಳಿಯ ಇರುಂಗಾಟುಕೋಟೈ ಟ್ರ್ಯಾಕ್ ಬರುವತನಕ ದಕ್ಷಿಣದ ಹುಡುಗರಿಗೆ ಶೋಲಾವರಂ ಎಂದರೇ ರೇಸು. ಜಾವಾ, ಯೆಜ್ಡಿಗಳು ಅಲ್ಲಿ ಓಡಿದವು, ಗೆದ್ದವು, ಹೊಗೆಯಾಡಿ ನಿಂತವು.

ನಿಂತದ್ದಕ್ಕೆ ಒಂದು ಕಾರಣ ಮೈಸೂರಿನ ಎತ್ತರ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮದ್ರಾಸಿಗಿಂತ ಹೆಚ್ಚುಕಡಿಮೆ ಶೇ. 8ರಿಂದ 9ರಷ್ಟು ಕಡಿಮೆ. ಮೈಸೂರಿನಲ್ಲಿ ಮೇನ್ ಜೆಟ್ ಹೊಂದಿಸಿ, ಕೆ.ಆರ್.ಎಸ್. ರಸ್ತೆಯಲ್ಲಿ ಓಡಿಸಿ, ಪ್ಲಗ್ಗಿನ ಬಣ್ಣ ನೋಡಿ ಸರಿ ಇದೆ ಎಂದುಕೊಂಡು ಲಾರಿಗೆ ಹಾಕಿದ ಗಾಡಿ ಶೋಲಾವರಂ ತಲುಪಿದಾಗ ಗಾಳಿಯೇ ಬೇರೆ. ದಟ್ಟ ಗಾಳಿ ಹೆಚ್ಚು ಒಳನುಗ್ಗುತ್ತದೆ, ಪೆಟ್ರೋಲು ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು, ನೇರ ದಾರಿಯ ನಡುವೆಯೇ ಜಾಮ್. ಬಲ್ಲ ಮೆಕ್ಯಾನಿಕ್ಕು ಜೇಬಿನಲ್ಲಿ ದೊಡ್ಡ ಜೆಟ್‌ಗಳನ್ನು ಇಟ್ಟುಕೊಂಡೇ ಬೆಟ್ಟ ಇಳಿಯುತ್ತಿದ್ದ. ಆ ಶೇ. 8, 9ರ ಒತ್ತಡ ಮೈಸೂರಿನ ಎಂಜಿನ್ನಿಗೆ ಕರಾವಳಿ ಬಿಟ್ಟಿಯಾಗಿ ಕೊಡುವ ಪುಟ್ಟ ಸೂಪರ್‌ಚಾರ್ಜ್ ಎಂದು ಹೇಳಿದರೆ ತಪ್ಪಾಗದು.

ಇನ್ನೊಂದು ತೊಡಕು ನಿಯಮದ್ದು. 65 ಮಿ.ಮೀ. ಬೋರಿನ ಸಿಲಿಂಡರಿಗೆ ಲೆಕ್ಕ ಹಾಕಿದರೆ ಸುಮಾರು 249 ಸಿಸಿ. ಸವೆದ ಸಿಲಿಂಡರಿಗೆ ಕಾಲು ಮಿಲಿಮೀಟರ್ ಬೋರ್ ಹೊಡೆಸಿ ಹೊಸ ಪಿಸ್ಟನ್ ಹಾಕಿದರೆ 250.8 ಸಿಸಿ. ಗಾಡಿ ಹಳೆಯದಾದ ತಪ್ಪಿಗೆ 250ರ ವರ್ಗದಿಂದ ಹೊರಬಿತ್ತು! ಆದ್ದರಿಂದಲೇ ಸ್ಟಾಕ್ ವರ್ಗದ, ಅಂದರೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಗಾಡಿಗಳ ವರ್ಗದ, ನಿಯಮ ಬರೆಯುವವರು ರೀಬೋರ್‌ಗೆ ಇಷ್ಟು ಸಡಿಲು ಎಂದು ಬರೆಯಲೇಬೇಕಾಗುತ್ತದೆ. ಸಡಿಲು ಕೊಟ್ಟ ಮರುಕ್ಷಣ ಸವೆಯದ ಸಿಲಿಂಡರಿಗೂ ಕೊನೆಯ ಅಳತೆಯ ತನಕ ಬೋರ್ ಹೊಡೆಸಿಕೊಂಡು ಬರುವವರು ಇರುತ್ತಾರೆ. ‘ಭಾಯ್, ಸ್ಟಾಕ್‌ನಲ್ಲೇ ಇರ್ಬೇಕು, ಪಿಕಪ್ ಮಾತ್ರ ಜಾಸ್ತಿ ಮಾಡ್ಕೊಡಿ’ ಎಂಬುದು ಗ್ಯಾರೇಜುಗಳಲ್ಲಿ ಹಳೆಯ ಬೇಡಿಕೆ. ಅದರಲ್ಲಿ ಮೋಸದ ಬುದ್ಧಿ ಇದೆ ಎಂದು ನಾನು ತಿಳಿಯುವುದಿಲ್ಲ. ಬೇಲಿಯನ್ನು ಮುರಿಯದೆ ಬೇಲಿಯ ಅಂಚಿನವರೆಗೂ ಉಳುವ ರೈತನ ಹಕ್ಕು ಅದು.

ಸ್ಟಾಕ್ ಎಂದರೆ ಏನು ಎಂಬ ಜಗಳ ಅಮೆರಿಕದಲ್ಲಿ ಇನ್ನೂ ಜೋರಾಗಿ ನಡೆಯಿತು. ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಾಲು ಮೈಲಿಯ, ಅಂದರೆ 402 ಮೀಟರಿನ ಡ್ರ್ಯಾಗ್ ರೇಸಿಗೆ ನಿಯಮ ಪುಸ್ತಕ ಬರೆಯಿತು. ಸ್ಟಾಕ್ ಕಾರುಗಳನ್ನು ಅದು ವಿಂಗಡಿಸಿದ್ದು ಕಂಪನಿ ಘೋಷಿಸಿದ ಅಶ್ವಶಕ್ತಿಗೆ ಕಾರಿನ ತೂಕ ಎಷ್ಟು ಎಂಬ ಲೆಕ್ಕದ ಮೇಲೆ. 1957ರಲ್ಲಿ ಫೋರ್ಡ್ ತನ್ನ ಥಂಡರ್‌ಬರ್ಡ್ ಕಾರಿನ 312 ಘನ ಇಂಚಿನ ಎಂಜಿನ್ನಿಗೆ ಮೆಕಲಕ್ ಕಂಪನಿಯ ಸೂಪರ್‌ಚಾರ್ಜರ್ ಕೂರಿಸಿ ಮಾರಿತು. ಸಾದಾ ಎಂಜಿನ್ 245 ಅಶ್ವಶಕ್ತಿ, ಇದು 300. ಸ್ಟೂಡೆಬೇಕರ್ ಕಂಪನಿಯೂ ಅದೇ ವರ್ಷ ಗೋಲ್ಡನ್ ಹಾಕ್ ಕಾರಿಗೆ ಅಂಥದ್ದೇ ಹಾಕಿ 275 ಎಂದಿತು. ಸೂಪರ್‌ಚಾರ್ಜರ್ ಕಾರ್ಖಾನೆಯಿಂದಲೇ ಬಂದಿದೆ, ಹಾಗಾದರೆ ಅದು ಸ್ಟಾಕ್. ಓವಲ್ ಟ್ರ್ಯಾಕಿನ ನಾಸ್ಕಾರ್ ಸಂಸ್ಥೆ ಆ ಋತುವಿನ ನಡುವೆಯೇ ಅದನ್ನು ನಿಷೇಧಿಸಿತು. ಡ್ರ್ಯಾಗ್ ರೇಸಿನವರು ನಿಷೇಧಿಸದೆ ಬೇರೆ ದಾರಿ ಹಿಡಿದರು. ಕಂಪನಿ ಏನೇ ಘೋಷಿಸಲಿ, ಟ್ರ್ಯಾಕಿನ ಮೇಲೆ ಕಂಡ ವೇಗಕ್ಕೆ ತಕ್ಕಂತೆ ಅಶ್ವಶಕ್ತಿಯನ್ನು ನಾವೇ ತಿದ್ದಿ ಬರೆಯುತ್ತೇವೆ ಎಂದರು. 1968ರಲ್ಲಿ ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್ನಿಗೆ ಬರೀ 335 ಅಶ್ವಶಕ್ತಿ ಎಂದು ಬರೆದುಕೊಂಡಾಗ ಈ ಅಧಿಕಾರ ಎಷ್ಟು ಬೇಕಾಗಿತ್ತು ಎಂಬುದು ಎಲ್ಲರಿಗೂ ಕಂಡಿತು. ಎರಡು ದಾರಿಗಳಲ್ಲಿ ನನಗೆ ಹಿಡಿಸುವುದು ಈ ಎರಡನೆಯದು. ಯಂತ್ರವನ್ನು ಹೊರಗಟ್ಟದೆ, ಅದರ ನಿಜವಾದ ಬಲವನ್ನು ಒಪ್ಪಿಕೊಂಡು, ಸಮಾನರ ನಡುವೆ ನಿಲ್ಲಿಸುವ ದಾರಿ ಅದು.

ಮೈಸೂರಿಗೆ ಮರಳೋಣ. ಈ ಊರಿನ ರೇಸ್ ಪ್ರಪಂಚ ಲೋಕಕ್ಕೆ ಕೊಟ್ಟ ಒಬ್ಬ ವಿಶಿಷ್ಟ ವ್ಯಕ್ತಿ ಸೋಮೇಂದರ್ ಸಿಂಗ್. ರೇಸ್ ಓಡಿಸಿದವರು, ಎಂಜಿನ್ ಟ್ಯೂನ್ ಮಾಡಿದವರು, ಸಣ್ಣ ವರ್ಕ್‌ಶಾಪಿನಲ್ಲಿ ಕೂತು ದಹನ ಕೋಣೆಯ ಬಗ್ಗೆಯೇ ವರ್ಷಗಟ್ಟಲೆ ಯೋಚಿಸಿದವರು. ಎಲ್ಲರೂ ಹೆಚ್ಚು ಗಾಳಿ ತುಂಬುವುದು ಹೇಗೆ ಎಂದು ನೋಡುತ್ತಿದ್ದಾಗ ಅವರು ತುಂಬಿದ್ದನ್ನು ಪೂರ್ತಿ ಸುಡುವುದು ಹೇಗೆ ಎಂದು ಕೇಳಿಕೊಂಡರು. ಪಿಸ್ಟನ್ ಮೇಲೆ ಬಂದಾಗ ಹೆಡ್ಡಿನ ಅಂಚಿಗೆ ತೀರಾ ಹತ್ತಿರವಾಗುವ ಸ್ಕ್ವಿಷ್ ಎಂಬ ಪಟ್ಟಿ ಇದೆಯಲ್ಲ, ಅದರಲ್ಲಿ ಕಿರಿದಾದ ಗ್ರೂವ್‌ಗಳನ್ನು ಕೊರೆದರು. ಹಿಂಡಿಸಿಕೊಂಡ ಮಿಶ್ರಣ ಆ ಗೀರುಗಳ ಮೂಲಕ ಧಾರೆಯಾಗಿ ನುಗ್ಗಿ ಕದಡಿ, ಬೇಗ ಉರಿಯುತ್ತದೆ, ನಾಕಿಂಗ್ ಎಂಬ ಬಡಿತ ಕಡಿಮೆಯಾಗುತ್ತದೆ, ಪೆಟ್ರೋಲು ಉಳಿಯುತ್ತದೆ ಎಂಬುದು ಅವರ ವಾದ. 2001ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. 2004ರಲ್ಲಿ ಪಾಪ್ಯುಲರ್ ಸೈನ್ಸ್ ಪತ್ರಿಕೆ ಮೈಸೂರಿನ ಈ ಮನುಷ್ಯನ ಬಗ್ಗೆ ದೀರ್ಘ ಲೇಖನ ಪ್ರಕಟಿಸಿತು. ದೊಡ್ಡ ಕಾರು ಕಂಪನಿಗಳು ಇದನ್ನು ಕೈಗೆತ್ತಿಕೊಳ್ಳಲಿಲ್ಲ, ಲಾಭ ಎಷ್ಟೆಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಹವ್ಯಾಸಿ ಟ್ಯೂನರುಗಳು ಮಾತ್ರ ದೂರದ ದೇಶಗಳಲ್ಲೂ ತಮ್ಮ ಹೆಡ್‌ಗಳಿಗೆ ಸಿಂಗ್ ಗ್ರೂವ್ ಹೊಡೆದು ನೋಡುತ್ತಲೇ ಇದ್ದಾರೆ.

ನಿಯಮದ ದೃಷ್ಟಿಯಿಂದ ಈ ಗೀರು ಬಲು ಕುತೂಹಲದ್ದು. ಹೊರಗಿನಿಂದ ಕಾಣುವುದಿಲ್ಲ, ಸಿಸಿ ಬದಲಾಗುವುದಿಲ್ಲ, ಯಾವ ಭಾಗವೂ ಹೊಸದಾಗಿ ಸೇರಿಲ್ಲ. ಹೆಡ್ ಬಿಚ್ಚಿದರೆ ಮಾತ್ರ ಗೊತ್ತಾಗುತ್ತದೆ. ಅಂಥ ಗಾಡಿ ಸ್ಟಾಕ್ ಹೌದೇ? ನಿಯಮ ಪುಸ್ತಕಗಳು ಪ್ರತಿ ವರ್ಷ ದಪ್ಪವಾಗುವುದು ಇಂಥ ಪ್ರಶ್ನೆಗಳಿಂದ.

1980ರ ದಶಕದಲ್ಲಿ ಚೋಪೌ ವಿದ್ಯೆ ಜಪಾನಿನ ದಾರಿಯಾಗಿ ಮೈಸೂರಿನ ಓಣಿಗಳಿಗೇ ಬಂದುಬಿಟ್ಟಿತು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350 ಗಾಡಿಯನ್ನು ರಾಜದೂತ್ ಹೆಸರಿನಲ್ಲಿ ತಂದಿತು. ಎರಡು ಸಿಲಿಂಡರ್, 347 ಸಿಸಿ, 30.5 ಅಶ್ವಶಕ್ತಿ. 1985ರಲ್ಲಿ ಆರ್‌ಎಕ್ಸ್ 100 ಬಂತು. ಬರೀ 98 ಸಿಸಿ, ಆದರೆ 11 ಅಶ್ವಶಕ್ತಿ. ಲೀಟರಿಗೆ 112. ನಮ್ಮ ಮೊದಲ ಜಾವಾದ 48ರ ಪಕ್ಕದಲ್ಲಿ ಈ ಸಂಖ್ಯೆ ಇಟ್ಟು ನೋಡಿದರೆ ಯಾದವಗಿರಿಗೆ ಯಾಕೆ ಉಸಿರು ಕಟ್ಟಿತು ಎಂಬುದು ಅರ್ಧ ತಿಳಿಯುತ್ತದೆ. ಹೊಗೆ ನಿಯಂತ್ರಣದ ಕಾನೂನು, ಫೋರ್ ಸ್ಟ್ರೋಕ್ ಹೋಂಡಾಗಳ ಮೈಲೇಜು ಉಳಿದರ್ಧ. 1996ರಲ್ಲಿ ಐಡಿಯಲ್ ಜಾವಾ ಮುಚ್ಚಿತು. ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು.

ತಯಾರಿಕೆ ನಿಂತರೂ ಓಟ ನಿಲ್ಲಲಿಲ್ಲ. ಭಾರತದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಮಾನ್ಯತೆಯಲ್ಲಿ ಇರುಂಗಾಟುಕೋಟೈನಲ್ಲಿ ನಡೆಯುವ ರಾಷ್ಟ್ರೀಯ ಮೋಟಾರ್‌ಸೈಕಲ್ ಡ್ರ್ಯಾಗ್ ಚಾಂಪಿಯನ್‌ಷಿಪ್‌ನಲ್ಲಿ ಟೂ ಸ್ಟ್ರೋಕ್‌ಗಳಿಗೆಂದೇ 130 ಸಿಸಿ, 165 ಸಿಸಿ ಮಿತಿಯ ವರ್ಗಗಳನ್ನು ಇಟ್ಟಿದ್ದಾರೆ. ಮೂವತ್ತು ವರ್ಷ ಹಳೆಯ ಆರ್‌ಎಕ್ಸ್‌ಗಳು ಅಲ್ಲಿ ಇನ್ನೂ ಚಿಮ್ಮುತ್ತವೆ. ದೊಡ್ಡ ಬೈಕುಗಳಲ್ಲಿ ಬೆಂಗಳೂರಿನ ಹೇಮಂತ್ ಮುದ್ದಪ್ಪ ಸುಜುಕಿ ಹಯಬೂಸಾ ಏರಿ ಮತ್ತೆ ಮತ್ತೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದಾರೆ. ಇಂಥ ಟ್ರ್ಯಾಕಿಗೆ ಗಾಡಿ ಸಾಗಿಸಲು ಆಗದ ಮೈಸೂರಿನ ಹುಡುಗರಲ್ಲಿ ಕೆಲವರು ರಾತ್ರಿ ರಿಂಗ್ ರಸ್ತೆಗೆ ಹೋಗುತ್ತಾರೆ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ನಿನಲ್ಲಿ ರಸ್ತೆ ರೇಸಿಗೆ ಶಿಕ್ಷೆಯಿದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ದಂಡ 5,000 ರೂಪಾಯಿವರೆಗೆ. ದಂಡ ಸರಿಯೇ. ಬೀದಿಯಲ್ಲಿ ಓಡಿಸುವವನು ತನ್ನದಲ್ಲದ ಜೀವಗಳನ್ನು ಪಣಕ್ಕಿಡುತ್ತಾನೆ, ಅದನ್ನು ಸಮರ್ಥಿಸಲು ನನ್ನಲ್ಲಿ ಒಂದು ಮಾತೂ ಇಲ್ಲ. ಆದರೆ ನಾಲ್ಕು ನೂರು ಮೀಟರ್ ನೇರ ಟಾರು, ಎರಡೂ ಕಡೆ ತಡೆಗೋಡೆ, ಟೈಮಿಂಗ್ ದೀಪ, ಒಂದು ಆಂಬುಲೆನ್ಸ್, ಅಳತೆ ನೋಡುವ ಅಧಿಕಾರಿ, ಇಷ್ಟನ್ನು ದಸರಾ ಸಮಯದಲ್ಲಾದರೂ ಮೈಸೂರು ಒದಗಿಸಬೇಕು. 35 ವರ್ಷ ಮೋಟಾರ್‌ಸೈಕಲ್ ಮಾಡಿದ ಊರು ಇದು.

ಅಳತೆ ನೋಡುವ ಅಧಿಕಾರಿಗೆ ಈಗ ಹೊಸ ತಲೆನೋವು ಬಂದಿದೆ. 1946ರಲ್ಲಿ ಹೊರಗಟ್ಟಿದ ಯಂತ್ರ ಶೋರೂಮಿನ ಬಾಗಿಲಿನಿಂದಲೇ ಮರಳಿದೆ. ಕವಾಸಾಕಿ 2015ರಲ್ಲಿ ಮಾರಾಟಕ್ಕೆ ತಂದ ನಿಂಜಾ ಎಚ್2 ಬೈಕಿನ 998 ಸಿಸಿ ಎಂಜಿನ್ನಿಗೆ ಕಂಪನಿಯೇ ಕೂರಿಸಿದ ಸೂಪರ್‌ಚಾರ್ಜರ್ ಇದೆ. 69 ಮಿ.ಮೀ. ಅಗಲದ ಅದರ ಚಕ್ರ ಎಂಜಿನ್ನಿನ ಒಂಬತ್ತು ಪಟ್ಟಿಗಿಂತ ಹೆಚ್ಚು ವೇಗದಲ್ಲಿ, ನಿಮಿಷಕ್ಕೆ 1,28,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಶಕ್ತಿ ಸುಮಾರು 200 ಅಶ್ವಶಕ್ತಿ. ರೇಸಿಗೆಂದೇ ಇರುವ ಎಚ್2ಆರ್ 300 ದಾಟುತ್ತದೆ. ಬರೀ ಸಿಸಿ ನೋಡಿ ವರ್ಗ ಮಾಡಿದರೆ ಇದು ಮಾಮೂಲಿ ಲೀಟರ್ ಬೈಕುಗಳ ಸಾಲಿಗೆ ಹೋಗುತ್ತದೆ, 1,340 ಸಿಸಿಯ ಹಯಬೂಸಾಕ್ಕಿಂತ ಕೆಳಗೆ. ಕಂಪನಿಯಿಂದ ಬಂದಂತೆಯೇ ಇದೆ, ಸ್ಟಾಕ್ ಅಲ್ಲ ಎನ್ನಲು ಬಾಯಿಲ್ಲ.

ಕಾರು ರೇಸುಗಳಲ್ಲಿ ಇದಕ್ಕೊಂದು ಹಳೆಯ ಮದ್ದಿದೆ. ಗಾಳಿ ಒತ್ತುವ ಎಂಜಿನ್ನಿನ ಸಿಸಿಯನ್ನು ಒಂದು ಗುಣಕದಿಂದ ಗುಣಿಸಿ ವರ್ಗ ಕೊಡುವುದು. ಗುಣಕ ಒಂದು ಕಾಲದಲ್ಲಿ 1.4 ಇತ್ತು, ಆಮೇಲೆ 1.7 ಆಯಿತು. 998ನ್ನು 1.7ರಿಂದ ಗುಣಿಸಿದರೆ 1,697. ಎಚ್2 ಹಯಬೂಸಾದ ಪಕ್ಕ ನಿಲ್ಲಬೇಕಾಗುತ್ತದೆ, ಅಲ್ಲಿ ನಿಂತರೆ ಯಾರಿಗೂ ಅನ್ಯಾಯವಿಲ್ಲ. ಟೂ ಸ್ಟ್ರೋಕ್‌ಗೆ ಬೇರೆ ವರ್ಗ ಕೊಟ್ಟು ನಮ್ಮ ಡ್ರ್ಯಾಗ್ ರೇಸಿನವರು ಮಾಡಿರುವುದೂ ಬೇರೊಂದು ರೀತಿಯಲ್ಲಿ ಇದನ್ನೇ. 130 ಸಿಸಿಯ ಆರ್‌ಎಕ್ಸ್ ಅದೇ ಸಿಸಿಯ ಫೋರ್ ಸ್ಟ್ರೋಕ್‌ಗಿಂತ ಹೆಚ್ಚು ಗಾಳಿ ಸುಡುತ್ತದೆ. ಅರ್ಧ ಅದರ ಸ್ವಭಾವದಿಂದ, ಅರ್ಧ ಅದರ ಹೊಟ್ಟೆಯ ಕೆಳಗೆ ಹಾಯ್ದುಹೋಗುವ ತಗಡಿನ ಕೊಳವೆಯಿಂದ. ಪಿಸ್ಟನ್ನಿನ ಅಗಲ ಅಳೆಯಲು ಮೈಕ್ರೋಮೀಟರ್ ಸಾಕು. ಕೊಳವೆಯ ಎರಡು ಶಂಕುಗಳ ಉದ್ದ, ಓರೆ, ನಡುವಿನ ಹೊಟ್ಟೆಯ ಗಾತ್ರ, ಕೊನೆಯ ಬಾಲದ ರಂಧ್ರ, ಇವುಗಳಲ್ಲಿ ಯಾವುದನ್ನು ಎಷ್ಟು ಬದಲಿಸಿದರೆ ಎಷ್ಟು ಗಾಳಿ ಹೆಚ್ಚಿತು ಎಂದು ಅಳೆಯುವ ಕೋಲು ಯಾವ ಅಧಿಕಾರಿಯ ಕೈಯಲ್ಲೂ ಇಲ್ಲ. ಹಾಗಾಗಿ ಮಂಡಿ ಮೊಹಲ್ಲಾದ ಮೆಕ್ಯಾನಿಕ್ಕು ಈಗಲೂ ಮೊದಲು ಕೈ ಹಾಕುವುದು ಸೈಲೆನ್ಸರಿಗೇ.